ಊಟದ ಚೀಲದಲ್ಲಿದ್ದ ಬೀಗದ ಕೈ

ಆ ಬೀಗದ ಕೈ ಕಳೆದುಹೋಗಿರಲಿಲ್ಲ, ಚಂದ್ರಿಕಾ. ಅದು ನನ್ನ ಊಟದ ಚೀಲದಲ್ಲಿತ್ತು. ನಾನೇ ಇಟ್ಟುಕೊಂಡಿದ್ದೆ — ನಿನ್ನ ಕೈಗೆ ಸಿಗಬಾರದು ಅಂತಲೇ.

ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ನಿವೃತ್ತಳಾಗಿ ಚಿಕ್ಕಬಾಣಾವರದ ಮಗಳ ಮನೆಗೆ ಬಂದಿದ್ದೇನೆ. ಮೊಮ್ಮಗಳಿಗೆ ದಿನಾ ನೀರಿನ ಬಾಟಲಿ ತುಂಬಿಸಿ ಕೊಡುವಾಗ ನಿನ್ನ ನೆನಪಾಗುತ್ತದೆ. ನೆನಪಾದಾಗಲೆಲ್ಲ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ನೀನು ಹೆಬ್ಬಗೋಡಿಯ ನಮ್ಮ ಸರ್ಕಾರಿ ಆಸ್ಪತ್ರೆಗೆ ಬಂದಾಗ ನಾನು ಅಲ್ಲಿ ಹಿರಿಯ ನರ್ಸು. ಕ್ಷಯ ಹಿಡಿದ ಕಾರ್ಖಾನೆ ಹುಡುಗರ, ಗಾರೆ ಕೆಲಸದವರ ಬಾಡಿಗೆ ಕೋಣೆಗಳಿಗೆ ಹೋಗಿ ಮಾತ್ರೆ ನುಂಗಿಸಿ ಬರುವ ಕೆಲಸಕ್ಕೆ ನಿನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಮಂಗಳಮುಖಿಯೊಬ್ಬಳು ಕುತ್ತಿಗೆಗೆ ಗುರುತಿನ ಕಾರ್ಡು ಹಾಕಿಕೊಂಡು ನಮ್ಮ ಪಕ್ಕ ಕೂತದ್ದು ಅದೇ ಮೊದಲು. ಡಾಕ್ಟರು ಎಲ್ಲರನ್ನೂ ಕರೆದು, “ಇವ್ರು ನಮ್ಮ ಸ್ಟಾಫ್ ಕಣ್ರೀ. ನಿಮಗೇನೇನಿದ್ಯೋ ಎಲ್ಲಾ ಇವ್ರಿಗೂ ಇರುತ್ತೆ” ಎಂದರು. ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು.

ನಮಗಿದ್ದದ್ದಾದರೂ ಏನು — ಒಂದು ಮೇಜು, ಗರಗರ ಅನ್ನುವ ಒಂದು ಫ್ಯಾನು, ಹಿಂದುಗಡೆ ಹೆಂಗಸರ ಸಿಬ್ಬಂದಿಗೆ ಅಂತ ಒಂದು ಶೌಚಾಲಯ. ಅದಕ್ಕೆ ಬೀಗ. ಬೀಗದ ಕೈಗೆ ಬ್ಯಾಂಡೇಜು ಬಟ್ಟೆಯ ಚೂರೊಂದನ್ನು ಕಟ್ಟಿ ಔಷಧಿ ಬೀರುವಿನ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆವು. ಬೇಕಾದವರು ತೆಗೆದುಕೊಂಡು ಹೋಗಿ ಮತ್ತೆ ಅಲ್ಲೇ ನೇತುಹಾಕಬೇಕು.

ನೀನು ಬಂದ ವಾರವೇ ಇಬ್ಬರು ನರ್ಸುಗಳು ನನ್ನ ಹತ್ತಿರ ಬಂದು, “ಅಕ್ಕ, ಒಂಥರಾ ಆಗುತ್ತೆ” ಎಂದು ಗೊಣಗಿದರು. ಹಿರಿಯಳಾಗಿ ಬುದ್ಧಿ ಹೇಳಬಹುದಿತ್ತು. ಆದರೆ ನನಗೂ ಒಂಥರಾ ಆಗುತ್ತಿತ್ತು — ಯಾಕೆ ಅಂತ ಕೇಳಿದರೆ ಇವತ್ತಿಗೂ… ಇಲ್ಲ, ಗೊತ್ತಿದೆ. ಬಾಯಲ್ಲಿ “ಬಾಮ್ಮ ಚಂದ್ರಿಕಾ” ಅನ್ನುತ್ತಿದ್ದೆ, ಮನಸ್ಸಿನಲ್ಲಿ ನಿನ್ನನ್ನು ಹೆಣ್ಣು ಅಂತ ಒಪ್ಪಿರಲಿಲ್ಲ. ಯಾರೂ ನನಗೆ ಹೇಳಿಕೊಡಲಿಲ್ಲ. ಮೊಳೆಯಿಂದ ಕೀ ತೆಗೆದು ಚೀಲಕ್ಕೆ ಹಾಕಿಕೊಂಡ ಉಪಾಯ ನನ್ನದೇ.

“ಅಕ್ಕ, ಕೀ ಇಲ್ವಲ್ಲ?”

“ಕಳೆದೋಗಿದೆ ಕಣಮ್ಮ. ಬೀಗದವನಿಗೆ ಹೇಳಿದೀನಿ, ಬರ್ತಾನೆ.”

ಬೀಗದವನು ಬರಲೇ ಇಲ್ಲ. ಉಳಿದವರು, ಉಪ್ಪಿನಕಾಯಿ ತೆಗೆದುಕೊಳ್ಳುವವರ ಹಾಗೆ, ನನ್ನ ಚೀಲಕ್ಕೆ ಕೈಹಾಕಿ ಕೀ ತೆಗೆದುಕೊಂಡು ಹೋಗುತ್ತಿದ್ದರು. ನೀನು ರೋಗಿಗಳ ಶೌಚಾಲಯದ ಕಡೆ ಹೋದರೆ ಹೆಂಗಸರ ಬಾಗಿಲಲ್ಲಿ ಕಾವಲಿನವನು ತಡೆಯುತ್ತಿದ್ದ, ಗಂಡಸರ ಬಾಗಿಲಲ್ಲಿ ನಗುವವರಿದ್ದರು. ಎರಡನ್ನೂ ನಾನು ಕಿಟಕಿಯಿಂದ ನೋಡಿದ್ದೇನೆ.

ನನ್ನನ್ನು ಹೆಚ್ಚು ಚುಚ್ಚುವುದು ಇದು — ನೀನೆಂದರೆ ನನಗೆ ಅಕ್ಕರೆಯೂ ಇತ್ತು. ಅದೇ ಚೀಲದಿಂದ ನಮ್ಮ ದಾವಣಗೆರೆ ಕಡೆಯ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ನಿನಗೆ ಬಡಿಸುತ್ತಿದ್ದೆ. “ಸಕ್ಕತ್ತಾಗಿದೆ ಅಕ್ಕ” ಎಂದು ನೀನು ಬೆರಳು ಚೀಪುತ್ತಿದ್ದೆ. ಮಾತ್ರೆ ಬೇಡ ಅಂತ ಬೈದ ಗಾರೆಯವನಿಗೆ, “ಮೊದ್ಲು ನುಂಗು ಗುರು, ಆಮೇಲೆ ಬೈಕೋ” ಎಂದ ಕಥೆ ಹೇಳಿ ನಗಿಸುತ್ತಿದ್ದೆ. ಆದರೆ ಬಿಕ್ಕಳಿಕೆ ಬಂದರೂ ನೀರು ಮುಟ್ಟುತ್ತಿರಲಿಲ್ಲ. “ಬೇಡಕ್ಕ, ಅಭ್ಯಾಸ ಇಲ್ಲ” ಅನ್ನುತ್ತಿದ್ದೆ. ಬೆಳಿಗ್ಗೆಯೆಲ್ಲ ಬಸುರಿಯರಿಗೆ ‘ನೀರು ಚೆನ್ನಾಗಿ ಕುಡೀರಿ’ ಅಂತ ಉಪದೇಶ ಮಾಡುವವಳು ನಾನು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ಬಸುರಿಯರೋ, ಸಾಲು ಬಿಟ್ಟು ಬಂದು ನಿನ್ನ ಕೈಯನ್ನು ತಲೆಯ ಮೇಲೆ ಇಡಿಸಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ನೀನು ಸುತ್ತಾಟ ಮುಗಿಸಿ ಬಂದವಳು ಗೋಡೆಗೆ ಒರಗಿ ಹಾಗೇ ಕುಸಿದೆ. ಮೈ ಸುಡುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಮೂತ್ರದ ಸೋಂಕು ಮೇಲಕ್ಕೇರಿದೆ ಎಂದರು. “ನೀರು ಕುಡಿಯಲ್ವೇನಮ್ಮ? ಹಿಂಗೇ ಮಾಡಿದ್ರೆ ಕಿಡ್ನಿ ಹೋಗುತ್ತೆ.”

ಡ್ರಿಪ್ ಹಾಕಲು ನಾನು ನರ ಹುಡುಕುತ್ತಿದ್ದೆ. ನಿನ್ನ ಕೈ ನನ್ನ ಕೈಯಲ್ಲಿತ್ತು. ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು — ಆದರೆ ನೀನು ಹೇಳಿದ್ದು, “ಕೆಲಸದಲ್ಲಿ ಮರ್ತೋಗ್ತೀನಿ ಸಾರ್.”

ಸ್ವಲ್ಪ ಹೊತ್ತಿಗೆ ನೀನು, “ಅಕ್ಕ, ಹೋಗ್ಬೇಕು” ಎಂದೆ. ನಾನು ನಿನ್ನ ಕಣ್ಣೆದುರಿಗೇ ಚೀಲದಿಂದ ಕೀ ತೆಗೆದೆ. ಅದಕ್ಕೆ ಕಟ್ಟಿದ್ದ ಬಿಳಿ ಬಟ್ಟೆಗೆ ಚಟ್ನಿಪುಡಿ ಹತ್ತಿ ಕೆಂಪಾಗಿತ್ತು. ನೀನು ನೋಡಿದೆ. ನಿನ್ನನ್ನು ನಡೆಸಿಕೊಂಡು ಹೋಗಿ, ಬಾಗಿಲನ್ನು ಸ್ವಲ್ಪ ಓರೆ ಮಾಡಿ, ಡ್ರಿಪ್ ಬಾಟಲಿಯನ್ನು ಎತ್ತಿ ಹಿಡಿದು ಹೊರಗೆ ನಿಂತೆ. ಒಳಗಿನಿಂದ ನಿನ್ನ ದನಿ ಬಂತು.

“ಕೀ ಸಿಕ್ತಾ ಅಕ್ಕ?”

ಅದರಲ್ಲಿ ಕೊಂಕಿರಲಿಲ್ಲ. ತಪ್ಪೊಪ್ಪಿಕೊಳ್ಳಲು ನೀನು ನನಗೊಂದು ದಾರಿ ಬಿಟ್ಟುಕೊಟ್ಟೆ ಅಂತ ಈಗ ಅನಿಸುತ್ತದೆ. ನಾನು ಏನಂದೆ? “ಹೂಂ, ಸಿಕ್ತು” ಅಂದೆ.

ಕೀ ಮತ್ತೆ ಮೊಳೆಗೆ ಬಂತು. ಆದರೆ ನಾನು ಬಾಟಲಿ ಹಿಡಿದು ನಿಂತದ್ದನ್ನು ಡಾಕ್ಟರು ನೋಡಿದ್ದರು. ತಾಲ್ಲೂಕಿನ ಸಭೆಯಲ್ಲಿ ಅದನ್ನು ಹೇಳಿ, ಸಮಾನತೆಯ ಬಗ್ಗೆ ಮಾತಾಡಿ ಅಂತ ನನ್ನನ್ನೇ ವೇದಿಕೆಗೆ ಕರೆದರು. ಹೋದೆ. ಮಾತಾಡಿದೆ. ಶಾಲು ಹೊದಿಸಿಕೊಂಡೆ. ನೀನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ನಿನ್ನ ಮುಖ ಕಂಡಾಗ ಚೀಲ ಮುಟ್ಟಿಕೊಂಡೆ. ಆಮೇಲೆ ಗುತ್ತಿಗೆ ಮುಗಿದು ನೀನು ಪೀಣ್ಯದ ಕಡೆಯ ಆಸ್ಪತ್ರೆಗೆ ಹೋದೆ. ಹೋಗುವಾಗ ನನ್ನ ಕಾಲಿಗೆ ಬಿದ್ದೆ, ನಾನು ಬೀಳಿಸಿಕೊಂಡೆ.

ಮೊನ್ನೆ ಡಾಕ್ಟರು ಫೋನು ಮಾಡಿದ್ದರು. ಹೊಸದಾಗಿ ಸೇರಿದ ನರ್ಸುಗಳಿಗೆ ತರಬೇತಿ ಇದೆಯಂತೆ. “ಅದೇ ಬಾಟಲಿ ಕಥೆ ಹೇಳ್ಬಿಡಿ ಮೇಡಂ” ಎಂದರು. ನೀನೂ ಬರುತ್ತೀಯಂತೆ. ಬರುತ್ತೇನೆ ಎಂದು ಒಪ್ಪಿದ್ದೇನೆ. ಅಲ್ಲಿ ನಿಂತು ಚೀಲದ ಕಥೆ ಹೇಳುತ್ತೇನೆ, ಅವತ್ತು ಬಾಗಿಲ ಹೊರಗೆ ನಿಂತು ಕೊಡಬೇಕಾಗಿದ್ದ ಉತ್ತರವನ್ನು. ಅಷ್ಟು ಜನರ ಮುಂದೆ ನೀನು ಮೊದಲ ಸಲ ಕೇಳುವ ಹಾಗಾಗಬಾರದು, ಅದಕ್ಕೇ ಇದನ್ನು ಮೊದಲು ನಿನಗೆ ಬರೆದೆ. ಹೇಳುವುದು ಬೇಡ ಎಂದು ನಿನಗನಿಸಿದರೆ ಒಂದು ಮಾತು ತಿಳಿಸು, ವೇದಿಕೆ ಹತ್ತುವುದಿಲ್ಲ. ಬಂದರೆ ಹಿಂದಿನ ಸಾಲಿನಲ್ಲಿ ಕೂರಬೇಡ.

ರೊಟ್ಟಿ, ಚಟ್ನಿಪುಡಿ ತರುತ್ತೇನೆ. ನನ್ನ ಕೈಯಿಂದ ತಿನ್ನಲು ಮನಸ್ಸಾಗದಿದ್ದರೆ ತಿನ್ನಬೇಡ, ಚಂದ್ರಿಕಾ. ನೀರು ಮಾತ್ರ ಕುಡಿ.