ಹಬ್ಬದ ಗುಳಿಗೆ

ಅಬ್ಬೆತುಮಕೂರಿನ ಮಠಕ್ಕೆ ಹೊರಡಲು ಇನ್ನೂ ಒಂದು ವಾರವಿತ್ತು. ನನ್ನ ನಾದಿನಿ ಊದಿನಕಡ್ಡಿ, ಕರ್ಪೂರದ ಜೊತೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನೂ ನನ್ನ ಕೈಗಿಟ್ಟು, ನಿನ್ನ ಮಗಳಿಗೆ ಶುರು ಮಾಡಿಸು ಎಂದಳು. ಬಿಚ್ಚಿ ನೋಡಬೇಕಾಗಿರಲಿಲ್ಲ. ಮುಟ್ಟು ಮುಂದಕ್ಕೆ ಹಾಕುವ ಗುಳಿಗೆ. ಮೆಡಿಕಲ್ ಅಂಗಡಿಯಲ್ಲಿ ಇವತ್ತಿಗೂ ಅದನ್ನು ಹೀಗೇ, ಏನೂ ಕೇಳದೆ, ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಹೋಳಿಗೆ ಅಕ್ಕ ನೆನಪಾದಳು...

ಶಹಾಪುರದ ನಮ್ಮ ಓಣಿಗೆಲ್ಲ ಅವಳು ಹೋಳಿಗೆ ಅಕ್ಕ. ಕಕ್ಕೇರಾ ಕಡೆಯವಳು. ಗಂಡ ಪುಣೆಯಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕಿದ್ದ, ದೀಪಾವಳಿಗಷ್ಟೇ ಬರುತ್ತಿದ್ದ. ಅವಳು ತಾಟಿನಗಲ ಹೋಳಿಗೆ ತಟ್ಟಿದರೂ ಹೂರಣ ಎಲ್ಲೂ ಇಣುಕುತ್ತಿರಲಿಲ್ಲ. ನಾನು ನಾದಿದ ಕಣಕ ಕಂಡರೆ, ಇದು ಹೋಳಿಗೀಗೋ ಗ್ವಾಡಿ ಮೆತ್ತಾಕೋ ಎಂದು ಕೇಳುವಳು. ಶ್ರಾವಣ ಬಂತೆಂದರೆ ಅವಳಿಗಾಗಿ ಮನೆಮನೆಗಳ ನಡುವೆ ಜಗಳ.

ಆದರೆ ಅದು ನೈವೇದ್ಯದ ಅಡುಗೆ, ಮುಟ್ಟಾದವಳು ಒಲೆಯ ಹತ್ತಿರ ಬರುವಂತಿಲ್ಲ. ಈ ಸೋಮವಾರ ಆಗುವುದಿಲ್ಲ ಎಂದು ಅವಳು ಹೇಳಿದಾಗ ನಮ್ಮತ್ತೆ ನನ್ನನ್ನು ಮೆಡಿಕಲ್‌ಗೆ ಅಟ್ಟಿದರು. ನುಂಗವ್ವ, ಏನೂ ಆಗಂಗಿಲ್ಲ, ನಾವೆಲ್ಲ ನುಂಗೀವಿ ಎಂದರು. ಅದೂ ನಿಜವೇ. ನಾವು ನುಂಗಿದ್ದು ನಮ್ಮ ಮನೆಯ ಹಬ್ಬಕ್ಕೆ. ಅವಳು ನುಂಗಿದ್ದು ಓಣಿಯ ಎಲ್ಲ ಮನೆಗಳ ಹಬ್ಬಕ್ಕೆ... ಒಂದು ಮನೆಯವರು ಕೊಟ್ಟದ್ದು ಇನ್ನೊಂದು ಮನೆಗೆ ಗೊತ್ತಿರಲಿಲ್ಲ. ಇಂಥ ಮಾತನ್ನು ಕಟ್ಟೆಯ ಮೇಲೆ ಕೂತು ಯಾರು ಆಡುತ್ತಾರೆ?

ಮುಂದಿನ ಶ್ರಾವಣದ ಹೊತ್ತಿಗೆ ಅವಳ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ಗಂಡ ಪುಣೆಯಲ್ಲಿ. ಎಲುಬಿಲ್ಲದ ನಾಲಗೆಗಳಿಗೆ ಇನ್ನೇನು ಬೇಕು! ಇನ್ನು ಬರಬೇಡ ಎಂದು ಅತ್ತೆ ಹೇಳಿ ಕಳಿಸಿದರು. ಮರುದಿನ ಅವಳೇ ಬಾಗಿಲಿಗೆ ಬಂದಳು. ಹೊಸ್ತಿಲು ದಾಟದೆ, ಸೆರಗು ಸರಿಸಿ ನಿಂತಳು.

"ಅಕ್ಕಾರ, ಇದು ಕೂಸಲ್ರಿ. ಕೈ ಇಟ್ಟು ನೋಡ್ರಿ."

ಅತ್ತೆ ನನ್ನ ಹಿಂದೆಯೇ ಇದ್ದರು. ನಾನು ಕೈ ಇಡಲಿಲ್ಲ. ಮುಖ ತಗ್ಗಿಸಿ ಒಳಗೆ ಹೋದೆ.

ಅವಳ ತಮ್ಮ ಅವಳನ್ನು ಕಲಬುರಗಿಗೆ ಕರೆದುಕೊಂಡು ಹೋದನೆಂದು ತಿಳಿಯಿತು. ತವರಿಗೆಂದು ಸುಳ್ಳು ಹೇಳಿ ನೋಡಲು ಹೋದೆ. ಡಾಕ್ಟರು ತಮ್ಮನಿಗೆ ಬಿಡಿಸಿ ಹೇಳುತ್ತಿದ್ದರು. ಲಿವರಿನಿಂದ ರಕ್ತ ಹೊರಗೆ ಹೋಗುವ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದೆ, ಅದಕ್ಕೇ ಹೊಟ್ಟೆಯಲ್ಲಿ ನೀರು ತುಂಬಿದೆ. ಬಹಳ ಅಪರೂಪದ ಬೇನೆ, ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬಂದರೆ ಬಂತು. ಕೆಲವರಿಗೆ ಬಾಣಂತನದಲ್ಲಿ ಬರುತ್ತದೆ, ಕೆಲವರಿಗೆ ಕಾರಣವೇ ಸಿಗುವುದಿಲ್ಲ. ಇವಳ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವಿದೆ. ಆಮೇಲೆ ಅವಳ ಕಡೆ ತಿರುಗಿದರು.

"ಮುಟ್ಟಿನ ಗುಳಿಗಿ ಏನರ ತಗೋತಿದ್ದೇನವ್ವ? ಇಂಥ ರಕ್ತಕ್ಕ ಅವು ಇನ್ನಷ್ಟು ಕೇಡು."

ಅವಳು ನನ್ನನ್ನು ನೋಡಿದಳು. "ಇಲ್ರಿ," ಅಂದಳು.

ತಮ್ಮನ ಮುಂದೆ ನಾಚಿಕೆಯೋ, ನನ್ನ ಮಾನ ಉಳಿಸಲಿಕ್ಕೋ... ನಾನೂ ಬಾಯಿ ಬಿಡಲಿಲ್ಲ. ಏನು ಜೀವ ನನ್ನದು!

ದಸರೆಗೆ ಮುಂಚೆಯೇ ಅವಳು ಹೋದಳು. ಅವಳ ರಕ್ತವೇ ಅವಳನ್ನು ಕೊಂದಿತೋ, ನಾವು ಕೊಟ್ಟ ಗುಳಿಗೆಯೂ ಕೈಜೋಡಿಸಿತೋ, ಯಾರು ಹೇಳಬೇಕು? ಬೇನೆಯ ಸುದ್ದಿ ಬಂದ ಮೇಲೂ ಓಣಿಯಲ್ಲಿ ಯಾರೂ ತಮ್ಮ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆಡಿಯೇ ಇಲ್ಲವೆಂಬಂತೆ ಇದ್ದುಬಿಟ್ಟರು. ಗಂಡ ಬಂದು, ಮಣ್ಣು ಮಾಡಿ, ಪುಣೆಗೆ ವಾಪಸು ಹೋದ.

ನಾದಿನಿ ಕೊಟ್ಟ ಪೊಟ್ಟಣವನ್ನು ನಾನು ಒಲೆಗೆ ಹಾಕಿದೆ. ಹೊರಡುವ ದಿನವೇ ಮಗಳು ಮುಟ್ಟಾದಳು. ಬುತ್ತಿಗೆ ನಾನು ತಟ್ಟಿದ ಹೋಳಿಗೆಗಳೆಲ್ಲ ಒಡೆದು ಹೂರಣ ಹೊರಗೆ ಬಂದಿತ್ತು. ಅವನ್ನು ಡಬ್ಬಿಗೆ ತುಂಬುತ್ತಿದ್ದಾಗ ನಾದಿನಿ ಬಂದು, ಮಗಳು ಯಾಕೆ ಇನ್ನೂ ರೆಡಿಯಾಗಿಲ್ಲ ಎಂದು ಕೇಳಿದಳು. ಈ ಸಲ ಹೇಳಿಬಿಡಬೇಕು ಎಂದುಕೊಂಡೆ.

"ಆಕಿಗೆ ಜ್ವರ ಬಂದಾವ," ಅಂದೆ.

ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನೇ ನೋಡಿದಳು.

"ನನಗ ಜ್ವರ ಎಲ್ಲಿ ಬಂದಾವವ್ವ?"

ನಾನು ಮುಖ ತಗ್ಗಿಸಿ ಒಳಗೆ ಹೋದೆ.