ಷಡ್ಡಕನ ಕಿವಿ

ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಮಾತಾಡುವುದೇ ಪಿಸುಪಿಸು. ನನಗೆ ಮೈ ಉರಿಯಲು ಅದೊಂದೇ ಸಾಕು. "ಅವರು ಸರಿಯಾಗೇ ಮಾತಾಡ್ತಾರೆ, ನಿಮಗೇ ಅವರನ್ನ ಕಂಡ್ರಾಗಲ್ಲ" ಎನ್ನುತ್ತಾಳೆ ಹೆಂಡತಿ. ಹೌದು, ಕಂಡರಾಗುವುದಿಲ್ಲ. ಕೆಲಸ ಕಲಿಸಿ ಗ್ಯಾರೇಜಿಗೆ ಸೇರಿಸಿಕೊಂಡವನು ನಾನು. ಈಗ ಬಾಗಿಲಿಗೆ ಬಂದವರೆಲ್ಲ ಕೇಳುವುದು ಅವನನ್ನು. ನಮ್ಮತ್ತೆಗಂತೂ ಚಿಕ್ಕ ಅಳಿಯ ಎಂದರೆ ಬಾಯಿತುಂಬ ಹೊಗಳಿಕೆ, ನಾನು ಲೆಕ್ಕಕ್ಕೇ ಇಲ್ಲ. ಅವನ ಉಗುರಲ್ಲಿ ಗ್ರೀಸಿಲ್ಲ, ಅಂಗಿಯಲ್ಲಿ ಕಲೆಯಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಮೆಕ್ಯಾನಿಕ್ಕೋ ಮದುಮಗನೋ.

ನನಗೆಂದು ಉಳಿದದ್ದು ಒಂದೇ ಗಾಡಿ, ಹಲ್ಲಿನ ಡಾಕ್ಟರ ಹಸಿರು ಕಾರು. ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಎಂಜಿನ್ನಿಗೆ ಎರಡು ಕಾರ್ಬುರೇಟರ್. ಎರಡೂ ಗಾಳಿಯನ್ನು ಸಮನಾಗಿ ಎಳೆಯಬೇಕು. ಒಂದು ಚೂರು ಹೆಚ್ಚು ಎಳೆದರೂ ಕಾರು ನಿಂತಲ್ಲೇ ನಡುಗುತ್ತದೆ. ಬೇರೆಯವರು ಒಂದು ರಬ್ಬರ್ ಪೈಪನ್ನು ಕಿವಿಗಿಟ್ಟು ಒಂದಾದ ಮೇಲೊಂದರ ಸದ್ದು ಕೇಳುತ್ತಾರೆ. ನನ್ನದು ಎರಡು ಪೈಪು. ಮುಂದಿನ ಕಾರ್ಬುರೇಟರ್ ಎಡಗಿವಿಗೆ, ಹಿಂದಿನದು ಬಲಗಿವಿಗೆ. ಎರಡೂ ಕಿವಿಯಲ್ಲಿ ಒಂದೇ ಸಮ ಸುಯ್ಯೆನ್ನುವವರೆಗೆ ಸ್ಕ್ರೂ ತಿರುಗಿಸುತ್ತೇನೆ. ಷಡ್ಡಕನಿಗೆ ಎಲ್ಲ ಕಲಿಸಿದೆ, ಇದೊಂದನ್ನು ಕಲಿಸಲಿಲ್ಲ.

ಮೊನ್ನೆ ಆ ಕಾರು ಬಂತು. ಟ್ಯೂನ್ ಮಾಡಿ, ಬಾನೆಟ್ ತೆರೆದೇ ಬಿಟ್ಟು ಊಟಕ್ಕೆ ಹೊರಟೆ. ಕನ್ನಡಕ ಮರೆತೆನೆಂದು ಅರ್ಧ ದಾರಿಯಿಂದ ವಾಪಸು ಬಂದರೆ, ಎಂಜಿನ್ ಓಡುತ್ತಿದೆ, ಷಡ್ಡಕ ಬಗ್ಗಿ ನಿಂತು ನಾನು ಕೂರಿಸಿದ ಸ್ಕ್ರೂಗೆ ಕೈ ಹಾಕಿದ್ದಾನೆ. ಪಿತ್ತ ನೆತ್ತಿಗೇರಿತು.

"ಇದರ ಮೇಲೂ ಕಣ್ಣು ಹಾಕಿದ್ಯಾ? ಇದೊಂದನ್ನಾದ್ರೂ ನನಗೆ ಬಿಡೋ ಮಾರಾಯ."

ಅವನ ತುಟಿ ಆಡಿತು, ಮಾತು ಕೇಳಲಿಲ್ಲ.

"ಅದೇನು ಬಾಯೊಳಗೇ ಗೊಣಗ್ತೀಯ, ಗಟ್ಟಿಯಾಗಿ ಹೇಳು."

ಗೇಟಿನ ಹತ್ತಿರ ಡಾಕ್ಟರು ಬರುತ್ತಿದ್ದರು. ಷಡ್ಡಕ ದನಿ ಏರಿಸಲಿಲ್ಲ. ಕಾರು ಸುತ್ತಿ ಬಂದು ನನ್ನ ಎಡಕ್ಕೆ ನಿಂತ. ಆಗ ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿತು.

"ಅಣ್ಣ, ನಿಮ್ಮ ಬಲಗಿವಿ ಮಂದ ಆಗಿದೆ. ಹಿಂದಿನದರ ಸದ್ದು ಸಾಲಲ್ಲ ಅಂತ ಅದನ್ನ ಜಾಸ್ತಿ ತೆರೆದುಬಿಡ್ತೀರಿ. ಹೋದ ವರ್ಷದಿಂದ ನೀವು ಊಟಕ್ಕೆ ಹೋದಾಗ ನಾನು ಸರಿ ಮಾಡಿಡ್ತಿದೀನಿ. ಯಾರಿಗೂ ಹೇಳಿಲ್ಲ."

ಹೇಳುತ್ತಲೇ ಕೈ ಚಾಚಿ ಸ್ಕ್ರೂವನ್ನು ಸ್ವಲ್ಪ ತಿರುಗಿಸಿದ. ಬಾನೆಟ್ಟಿನ ನಡುಕ ನಿಂತಿತು. ಅಲ್ಲಿಯವರೆಗೆ ಅದು ನಡುಗುತ್ತಿದ್ದದ್ದೇ ನನಗೆ ತಿಳಿದಿರಲಿಲ್ಲ.

ಡಾಕ್ಟರು ಬಂದು ಎಂಜಿನ್ನಿನ ಸದ್ದು ಆಲಿಸಿದರು. "ನಿಮ್ಮ ಕಿವಿ ಅಂದ್ರೆ ಕಿವಿ ಬಿಡಿ" ಎಂದು ನನ್ನ ಬೆನ್ನು ತಟ್ಟಿದರು.

"ಅಣ್ಣನ ಕೈ ಬಿದ್ರೆ ಮುಗೀತು ಸಾರ್" ಎಂದ ಷಡ್ಡಕ, ಕೈ ಒರೆಸಿಕೊಳ್ಳುತ್ತ.

ಅವನು ಜಂಬ ಕೊಚ್ಚಿಕೊಂಡಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ಒಳ್ಳೆಯವನಾಗುವುದರಲ್ಲೂ ನನಗಿಂತ ಒಂದು ಕೈ ಮೇಲೆ, ಹಾಳಾದವನು. ಹೊಟ್ಟೆಯುರಿ ದುಪ್ಪಟ್ಟಾಯಿತು.

ಡಾಕ್ಟರು ಹೋದ ಮೇಲೆ ಬಲಗಿವಿಯ ಪೈಪನ್ನು ಅವನ ಕೈಗೆ ಕೊಟ್ಟೆ. ಎಡಗಿವಿಯದು ನನ್ನ ಜೇಬಿನಲ್ಲೇ ಇದೆ.