ಅಪ್ಪನ ಸಾಕ್ಷಿ

ಭದ್ರಾವತಿಯ ನಮ್ಮ ಸಭೆಯಲ್ಲಿ ಅಪ್ಪನಷ್ಟು ಚೆನ್ನಾಗಿ ಸಾಕ್ಷಿ ಹೇಳುವವರು ಇನ್ನೊಬ್ಬರಿರಲಿಲ್ಲ. ಕೋರ್ಟಿನ ಸಾಕ್ಷಿಯಲ್ಲ. ತಾನು ಎಂಥ ಪಾಪಿಯಾಗಿದ್ದೆ, ಪ್ರಭು ತನ್ನನ್ನು ಹೇಗೆ ಎತ್ತಿ ನಿಲ್ಲಿಸಿದ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕೆ ಕ್ರೈಸ್ತರಾದ ನಾವು ಸಾಕ್ಷಿ ಎನ್ನುತ್ತೇವೆ. ಐವತ್ತರ ದಶಕದ ಕೊನೆಯಲ್ಲಿ ನಾವು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಸೇರುತ್ತಿತ್ತು. ಎರಡನೆಯ ಕೀರ್ತನೆ ಮುಗಿಯುತ್ತಿದ್ದಂತೆ ಪಾದ್ರಿಗಳು ಅಪ್ಪನ ಕಡೆ ನೋಡುವರು. ಅಪ್ಪ ಬೇಡ ಬೇಡ ಎನ್ನುವ ಹಾಗೆ ತಲೆಯಾಡಿಸಿ, ಆಮೇಲೆ ಎದ್ದು ನಿಂತು ಕಣ್ಣು ಮುಚ್ಚುವರು.

ಆ ಸಾಕ್ಷಿ ನಮಗೆಲ್ಲ ಬಾಯಿಪಾಠ. ನಾನು ತೊಟ್ಟಿಲಲ್ಲಿದ್ದಾಗ ಅಪ್ಪ ವಿಪರೀತ ಕುಡಿಯುತ್ತಿದ್ದರಂತೆ. ಒಂದು ಸಂಜೆ, ಮನೆಯಲ್ಲೇ ಇದ್ದ ಅವರ ಒಬ್ಬನೇ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಇನ್ನು ಕುಡಿಯಲು ಹೋಗಬೇಡ ಎಂದು ಬಾಗಿಲಿಗೆ ಅಡ್ಡ ನಿಂತ. ಅಪ್ಪ ಒಲೆಯ ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆ ತೆಗೆದುಕೊಂಡು ಅವನ ಕೈ ಮುರಿದರು. ಮುಂದಿನ ಭಾನುವಾರ ದೇವಾಲಯದಲ್ಲಿ ಗೋಳೋ ಎಂದು ಅತ್ತು ಮೊಣಕಾಲೂರಿದರು. ಅಂದಿನಿಂದ ಹನಿ ಮುಟ್ಟಲಿಲ್ಲ. ಅದರಲ್ಲಿ ಸುಳ್ಳಿಲ್ಲ, ನಿಜಕ್ಕೂ ಮುಟ್ಟಲಿಲ್ಲ. ಆ ಒಂದು ಭಾನುವಾರದ ಮೇಲೆ ಅವರು ಹತ್ತು ಹನ್ನೆರಡು ವರ್ಷ ಕಾಲು ಚಾಚಿ ಕೂತರಲ್ಲ, ಅದೇ ನನ್ನ ಸಿಟ್ಟು.

ಸಾಕ್ಷಿ ಎಷ್ಟು ಪಳಗಿಹೋಗಿತ್ತೆಂದರೆ, ಕೂಟ ನಮ್ಮ ಮನೆಯಲ್ಲಿದ್ದರೆ ಅಮ್ಮ ಅದನ್ನೇ ಗಡಿಯಾರ ಮಾಡಿಕೊಂಡಿದ್ದಳು. ಅಪ್ಪ "ಸಲಾಕೆ" ಎನ್ನುತ್ತಿದ್ದಂತೆ ಹಾಲು ಒಲೆಗೇರುತ್ತಿತ್ತು. ಅವರ ಗಂಟಲು ಕಟ್ಟಿ, ಕಣ್ಣೀರು ಇಳಿದು, ಎಲ್ಲರೂ "ಸ್ತೋತ್ರ" ಎನ್ನುವ ಹೊತ್ತಿಗೆ ಕಾಫಿ ಸಿದ್ಧ.

ಅಪ್ಪ ಕಾರ್ಖಾನೆಯಲ್ಲಿ ಫರ್ನೇಸಿನ ಮೇಸ್ತ್ರಿ. ಒಂದು ಪಾಳಿ ಮೈಮರೆತರೆ ಒಳಗಿನ ಕರಗಿದ ಕಬ್ಬಿಣ ಹೇಗೆ ಆರಿ ಹೆಪ್ಪುಗಟ್ಟುತ್ತದೆ ಎಂದು ಅವರಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಅಲ್ಲಿ ತೂಕಡಿಸಿದವನ ಜನ್ಮ ಜಾಲಾಡಿಬಿಡುತ್ತಿದ್ದರು. ಮನೆಗೆ ಬಂದರೆ ಮಾತ್ರ, ತನ್ನ ಆತ್ಮ ಒಮ್ಮೆ ಹೊತ್ತಿಕೊಂಡಿದೆ, ಇನ್ನು ಯಾರೂ ಕೆದಕಬೇಕಾಗಿಲ್ಲ ಎಂಬ ನೆಮ್ಮದಿ.

ಕೈ ಮುರಿಸಿಕೊಂಡ ಚಿಕ್ಕಪ್ಪ ಆಗಲೇ ಮನೆ ಬಿಟ್ಟು ಶಿವಮೊಗ್ಗ ಸೇರಿದ್ದ. ಅಕ್ಕಿ ಗಿರಣಿಯೊಂದರಲ್ಲಿ ಗೇಟು ಕಾಯುತ್ತಿದ್ದಾನೆ, ಮದುವೆಯಾಗಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಅವನ ಮುಖ ನನಗೆ ನೆನಪಿರಲಿಲ್ಲ. ಶಿವಮೊಗ್ಗವೇನು ದೂರವೇ? ಬಸ್ಸು ಹತ್ತಿ ಎಲೆ ಅಡಿಕೆ ಹಾಕಿಕೊಂಡು ಉಗಿಯುವಷ್ಟರಲ್ಲಿ ಊರು ಬರುತ್ತದೆ. ಅಪ್ಪ ಹೋಗಲಿಲ್ಲ. "ಅಣ್ಣ ಬಂದು ಕರೀಲಿ, ಬರ್ತೀನಿ" ಎಂದು ಅವನು ಹೇಳಿ ಕಳಿಸಿದ್ದ. ನಮ್ಮ ಜೊತೆಗಿದ್ದ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಉಳಿದಿದ್ದುದು ಒಂದೇ ಆಸೆ. ಕಣ್ಣು ಮುಚ್ಚುವುದರೊಳಗೆ ಇಬ್ಬರು ಮಕ್ಕಳನ್ನೂ ಪಕ್ಕಪಕ್ಕ ಕೂರಿಸಿ ಒಂದು ಕ್ರಿಸ್‌ಮಸ್ ಊಟ ಬಡಿಸಬೇಕು.

"ಒಂದ್ಸಲ ಹೋಗಿ ಬಾರಪ್ಪ. ಬಾರೋ ಅಂತ ನಿನ್ನ ಬಾಯಲ್ಲಿ ಬಂದ್ರೆ ಸಾಕು, ಓಡಿ ಬರ್ತಾನೆ" ಎನ್ನುತ್ತಿದ್ದಳು.

"ಅದೆಲ್ಲ ದೇವರ ಹತ್ರ ಮುಗ್ದೋಗಿದೆ ಕಣವ್ವ. ತೊಳೆದಿಟ್ಟ ಪಾತ್ರೇನ ಎಷ್ಟು ಸಲ ತೊಳೀಲಿ?"

"ದೇವರ ಹತ್ರ ಮುಗೀತು. ಅವನ ಹತ್ರ ಶುರು ಮಾಡಿದ್ಯಾ?"

ಅಪ್ಪ ಸತ್ಯವೇದ ತೆಗೆದು ಓದತೊಡಗುತ್ತಿದ್ದರು. ಆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುವುದಕ್ಕೂ ಬಳಸಬಹುದೆಂದು ನಾನು ಕಲಿತದ್ದು ಹಾಗೆ.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಅಜ್ಜಿಗೆ ಜ್ವರ ಬಂದು, ಜ್ವರ ಬಿಟ್ಟರೂ ಊಟ ಸೇರದಾಯಿತು. ಅಮ್ಮ ಅಪ್ಪನಿಗೆ ತಿಳಿಸದೆ, ಶಿವಮೊಗ್ಗಕ್ಕೆ ಹೊರಟಿದ್ದ ಪಕ್ಕದ ಮನೆಯ ತಮಿಳಿನವರ ಕೈಲಿ ಚಿಕ್ಕಪ್ಪನಿಗೆ ಹೇಳಿ ಕಳಿಸಿದಳು. ಅವನು ಹಟ ಬಿಟ್ಟು ಬಂದ. ಬಂದದ್ದು ಶುಕ್ರವಾರ, ಕೂಟ ನಮ್ಮ ಮನೆಯಲ್ಲೇ.

ಚಾಪೆ ತುಂಬ ಜನ. ಅಪ್ಪ ಎದ್ದು ಕಣ್ಣು ಮುಚ್ಚಿಯಾಗಿತ್ತು. ಬಾಗಿಲಲ್ಲಿ, ಚಪ್ಪಲಿಗಳ ನಡುವೆ, ಅಪ್ಪನ ಮುಖವನ್ನೇ ಹೋಲುವ ಬಡಕಲು ಮನುಷ್ಯನೊಬ್ಬ ಬಂದು ನಿಂತ. ಒಳಕೋಣೆಯ ಹೊಸ್ತಿಲಿಗೆ ಒರಗಿ ಕೂತಿದ್ದ ಅಜ್ಜಿ ಅವನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು.

"ಈ ಪಾಪಿ ಕೈಯಿಂದಲೇ," ಅಪ್ಪನ ಗಂಟಲು ಹದವಾಗಿ ಕಟ್ಟಿತು, "ಒಡಹುಟ್ಟಿದವನ ಎಡಗೈ ಮುರಿದೆ."

"ಬಲಗೈ ಅಣ್ಣ" ಎಂದ ಬಾಗಿಲಲ್ಲಿದ್ದವನು.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ವಿಳಾಸ ಹೇಳಿದವರನ್ನು ತಿದ್ದುವ ಹಾಗೆ ಹೇಳಿದ. ಎಲ್ಲರ ಕತ್ತೂ ತಿರುಗಿತು. ಅವನ ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗೆ ತೂಗಾಡುತ್ತಿತ್ತು. ಅಭ್ಯಾಸಬಲದಿಂದ ಮೂಲೆಯಲ್ಲಿ ಒಬ್ಬರು "ಸ್ತೋತ್ರ" ಎಂದರು. ಒಳಗೆ ಹಾಲು ಉಕ್ಕಿ ಒಲೆ ಚುಯ್ಯೆಂದಿತು.

ಮೊದಮೊದಲು ಅಪ್ಪ ಬಲಗೈ ಎಂದೇ ಹೇಳುತ್ತಿದ್ದರಂತೆ. ಯಾವಾಗ ಎಡಗೈಯಾಯಿತೋ ಅಮ್ಮನಿಗೂ ತಿಳಿಯದು. ಕೇಳಿ ಕೇಳಿ ನಮ್ಮ ಕಿವಿಗಳೂ ಮರಗಟ್ಟಿದ್ದವು. ಅಜ್ಜಿಗೆ ಕಿವಿ ಮಂದ. ಲೇತ್ ಕೆಲಸ ಕಲಿಯುತ್ತಿದ್ದ ಹುಡುಗನ ಬಲಗೈ ಅದು. ಅದು ಹೋದದ್ದಕ್ಕೇ ಅವನು ಗೇಟು ಕಾಯುವಂತಾದದ್ದು. ಮುರಿದವರಿಗೆ ಯಾವ ಕೈ ಎಂಬುದೇ ಮರೆತುಹೋಗಿತ್ತು.

ಅಪ್ಪ ಕಣ್ಣು ಬಿಟ್ಟರು. ತಮ್ಮನಿಗೂ ಅವರಿಗೂ ನಡುವೆ ಇದ್ದದ್ದು ಎರಡು ಚಾಪೆ. ಹೋಗಿ, ಹೋಗಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವರು ಪಾದ್ರಿಗಳನ್ನು ನೋಡಿದರು, ಹಿರಿಯರನ್ನು ನೋಡಿದರು, ಮತ್ತೆ ಕಣ್ಣು ಮುಚ್ಚಿದರು. "ಯಾವ ಕೈಯಾದರೇನು, ಪ್ರಭು ಎಲ್ಲವನ್ನೂ ತೊಳೆದುಬಿಟ್ಟ" ಎಂದು ಸಾಕ್ಷಿ ಮುಗಿಸಿದರು.

ಜನ ಹೋದ ಮೇಲೆ ಅಮ್ಮ ಕಾಫಿ ಕೊಟ್ಟಳು. "ಎಡಗೈಲಿ ತಗೋತೀನಿ ಅತ್ತಿಗೆ, ಬೇಜಾರು ಮಾಡ್ಕೋಬೇಡಿ" ಎಂದ ಚಿಕ್ಕಪ್ಪ. ಅಪ್ಪ ಕಿಟಕಿಯ ಬಳಿ ನಿಂತು, "ಊಟ ಮಾಡ್ಕೊಂಡು ಹೋಗೋಕೆ ಹೇಳು" ಎಂದು ಅಮ್ಮನಿಗೆ ಹೇಳಿದರು. ತಮ್ಮನಿಗೆ ಹೇಳಲಿಲ್ಲ.

ಅಜ್ಜಿ ಗೋಡೆ ಹಿಡಿದು ಎದ್ದಳು. "ನನ್ನ ಸೀರೆ ಗಂಟು ಕಟ್ಟಮ್ಮ" ಎಂದಳು ಅಮ್ಮನಿಗೆ. "ಇವನ ಜೊತೆ ಹೋಗ್ತೀನಿ."

"ಅವ್ವ, ಸಭೆಯವರು ಏನಂದ್ಕೊಂಡಾರು?" ಎಂದರು ಅಪ್ಪ.

"ನಿನ್ನ ಪಾಪ ಹೋಯ್ತು, ಬಿಡಪ್ಪ. ಅವನ ಕೈ ವಾಪಸ್ ಬಂತಾ?"

ಜಟಕಾದಲ್ಲಿ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ಯುವಾಗ ಚಿಕ್ಕಪ್ಪ ಎಡಗೈಯಿಂದ ಅವಳ ಬೆನ್ನು ಬಳಸಿದ್ದ. ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ಕ್ರಿಸ್‌ಮಸ್‌ಗೆ ಮೊದಲೇ ಶಿವಮೊಗ್ಗದಲ್ಲಿ ತೀರಿಕೊಂಡಳು. ಆ ಊಟ ಬಡಿಸಲು ಅವಳಿಗಾಗಲಿಲ್ಲ.

ಅವಳು ಚಿಕ್ಕಪ್ಪನ ಜೊತೆ ಜಟಕಾ ಹತ್ತಿ ಹೋದ ಮರುವಾರ ಕೂಟ ಓಲ್ಡ್ ಟೌನಿನ ಒಬ್ಬರ ಮನೆಯಲ್ಲಿತ್ತು. ಅಮ್ಮ ತಲೆನೋವೆಂದು ಉಳಿದುಕೊಂಡಳು. ಅಪ್ಪ ಇವತ್ತು ಏಳಲಾರರು, ಎದ್ದರೂ ಬಾಯಿ ಬರಲಾರದು ಎಂದುಕೊಂಡು ನಾನು ಅವರ ಹಿಂದೆ ಹೋದೆ. ಎರಡನೆಯ ಕೀರ್ತನೆ ಮುಗಿಯಿತು. ಪಾದ್ರಿಗಳು ನೋಡಿದರು. ಅಪ್ಪ ತಲೆಯಾಡಿಸಿ, ಎದ್ದು, ಕಣ್ಣು ಮುಚ್ಚಿದರು.

"ಈ ಪಾಪಿ ಕೈಯಿಂದಲೇ ಒಡಹುಟ್ಟಿದವನ ಬಲಗೈ ಮುರಿದೆ" ಎಂದರು. ಒಂದಿಷ್ಟೂ ತಡವರಿಸಲಿಲ್ಲ.